ದಬ್ಬೇಘಟ್ಟದ ಟೆಂಟಿನ ಮೊದಲ ರೀಲು

ಭೂತಮ್ಮನಿಗೆ ಓದು ಬರೆಹ ಗೊತ್ತಿರಲಿಲ್ಲ. ಗೋಡೆಗೆ ಅಂಟಿಸಿದ ಪೋಸ್ಟರಿನಲ್ಲಿ ಏನಿದೆ ಎಂದು ಕೇಳಿದರೆ ಚಿತ್ರ ನೋಡಿ ಹೇಳುತ್ತಿದ್ದಳು, ಅಕ್ಷರ ನೋಡಿ ಅಲ್ಲ. ಆದರೆ ದಬ್ಬೇಘಟ್ಟದ ಟೆಂಟಿಗೆ ಬಂದ ಒಂದೊಂದು ಸಿನಿಮಾವೂ ಪರದೆಯ ಮೇಲೆ ಬೀಳುವ ಮೊದಲು ಅವಳ ಎಡಗೈಯ ಹೆಬ್ಬೆರಳು, ತೋರುಬೆರಳುಗಳ ನಡುವೆ ಹಾದು ಹೋಗಬೇಕಾಗಿತ್ತು.

ಅವಳ ಗಂಡ ಸಣ್ಣತಿಮ್ಮಯ್ಯ ಆ ಟೆಂಟಿನ ಆಪರೇಟರ್. ಮಿಶಿನ್ನು ಓಡಿಸುವುದು ಅವನ ಕೆಲಸ, ಓಡಿದ ರೀಲನ್ನು ಹಿಂದಕ್ಕೆ ಸುತ್ತಿ ಮರುದಿನಕ್ಕೆ ಸಿದ್ಧ ಮಾಡುವುದು ಅವಳ ಕೆಲಸ. ಬೆಳಿಗ್ಗೆ ಹಟ್ಟಿ ಗುಡಿಸಿ, ಎಮ್ಮೆ ಕರೆದು, ಮುದ್ದೆಗೆ ಎಸರಿಟ್ಟು ಮುಗಿಸಿದ ಮೇಲೆ ಟೆಂಟಿನ ಪಕ್ಕದ ತಗಡಿನ ಕೋಣೆಯಲ್ಲಿ ಕೂರುತ್ತಿದ್ದಳು. ಬಲಗೈಯಲ್ಲಿ ಹಿಡಿ ತಿರುಗಿಸುತ್ತಾ, ಎಡಗೈಯಲ್ಲಿ ಒಗೆದು ಒಗೆದು ಮೆತ್ತಗಾದ ಹಳೆಯ ಪಂಚೆಯ ತುಂಡಿನೊಳಗೆ ಫಿಲ್ಮಿನ ಎರಡು ಅಂಚನ್ನೂ ಹಗುರವಾಗಿ ಹಿಡಿದು ಬಿಡುತ್ತಿದ್ದಳು. ಬೆರಳು ಫಿಲ್ಮಿನ ನಡುವೆ ತಾಗಬಾರದು. ತಾಗಿದರೆ ಕೈಯ ಜಿಡ್ಡು ಹತ್ತುತ್ತದೆ, ಜಿಡ್ಡಿಗೆ ಧೂಳು ಕೂರುತ್ತದೆ, ಧೂಳು ಮಿಶಿನ್ನಿಗೆ ಹೋಗಿ ಗೀರುತ್ತದೆ. ಎಲ್ಲಾದರೂ ತುಂಡಾದ ಫಿಲ್ಮನ್ನು ಕೂಡಿಸಿದ ಜಾಯಿಂಟು ಬಿಟ್ಟಿದ್ದರೆ, ಮಿಶಿನ್ನಿನ ಹಲ್ಲು ಕೂರುವ ಅಂಚಿನ ತೂತು ಹರಿದಿದ್ದರೆ ಬಟ್ಟೆ ಹಿಡಿಯುತ್ತಿತ್ತು, ಕೈ ತಾನೇ ನಿಲ್ಲುತ್ತಿತ್ತು.

ಈ ಬೆರಳು ಅವಳಿಗೆ ತವರಿನಿಂದ ಬಂದದ್ದು. ಅರಳಗುಪ್ಪೆಯಲ್ಲಿ ಅವರಪ್ಪ ತೆಂಗಿನ ನಾರಿನ ಹಗ್ಗ ಹೊಸೆಯುತ್ತಿದ್ದ, ಅವಳು ಎಳೆ ಹಿಡಿಯುತ್ತಿದ್ದಳು. ಎಳೆ ಎಲ್ಲಿ ತೆಳುವಾಯಿತು ಎಂದು ನೋಡದೆ ಹೇಳಬೇಕಾಗಿತ್ತು, ಯಾಕೆಂದರೆ ಕಣ್ಣು ಯಾವಾಗಲೂ ಹಗ್ಗದ ಇನ್ನೊಂದು ತುದಿಯ ಮೇಲಿರುತ್ತಿತ್ತು. ಮದುವೆಯಾಗಿ ಬಂದ ಎರಡನೇ ವರ್ಷ ಸಣ್ಣತಿಮ್ಮಯ್ಯ ಜ್ವರ ಹಿಡಿದು ಮಲಗಿದಾಗ ರೀಲು ಸುತ್ತಲು ಕೂತವಳು ಮತ್ತೆ ಏಳಲೇ ಇಲ್ಲ. ಹದಿನಾಲ್ಕು ವರ್ಷ ಆಗಿಹೋಯಿತು.

ಜಾಯಿಂಟು ಮುಟ್ಟಿದರೆ ಹಾಕಿದವರು ಯಾರು ಎಂದು ಅವಳಿಗೆ ತಿಳಿಯುತ್ತಿತ್ತು. ಇಂಥ ಊರಿನ ಆಪರೇಟರ್ ಫಿಲ್ಮನ್ನು ಒರಟಾಗಿ ಕೆರೆದು, ಸಿಮೆಂಟು ಎನ್ನುವ ಅಂಟು ಬಳಿದು ಒತ್ತುತ್ತಾನೆ, ಅದು ಒಣಗಿದ ಮೇಲೆ ಉಬ್ಬಿ ನಿಲ್ಲುತ್ತದೆ. ಇನ್ನೊಬ್ಬನದು ಸೊಟ್ಟ. ಹುಳಿಯಾರಿನ ಕಡೆಯ ಕೆಂಕೆರೆ ಟೆಂಟಿನಲ್ಲಿ ಈರಣ್ಣ ಎಂಬುವನಿದ್ದ. ಅವನ ಮುಖವನ್ನು ಅವಳು ಕಂಡವಳಲ್ಲ. ಅವನ ಜಾಯಿಂಟು ಮಾತ್ರ ನುಣ್ಣಗೆ, ಬೆರಳಿಗೆ ಸಿಕ್ಕಿತೋ ಇಲ್ಲವೋ ಎನ್ನುವ ಹಾಗೆ ಇರುತ್ತಿತ್ತು. ಕೆಂಕೆರೆಯಲ್ಲಿ ಓಡಿದ ಪೆಟ್ಟಿಗೆ ಬಂತೆಂದರೆ ಅವಳಿಗೆ ಸಮಾಧಾನ.

ಸಣ್ಣತಿಮ್ಮಯ್ಯನೂ ಕಸುಬಿನಲ್ಲಿ ಕಡಿಮೆಯವನಲ್ಲ. ಫಿಲ್ಮು ಹಾದುಹೋಗುವ ಗೇಟಿನಲ್ಲಿ ದೀಪದ ಕಾವಿಗೆ ಕಂದು ಬಣ್ಣದ ಹಕ್ಕಳೆ ಕಟ್ಟುತ್ತದೆ. ಅದನ್ನು ಕಬ್ಬಿಣದಲ್ಲಿ ಕೆರೆದರೆ ಗೇಟಿಗೆ ಗೀರು ಬಿದ್ದು, ಆಮೇಲೆ ಆ ಗೀರು ಬಂದ ಬಂದ ಫಿಲ್ಮಿಗೆಲ್ಲ ಮಳೆ ಹುಯ್ದ ಹಾಗೆ ಗೆರೆ ಎಳೆಯುತ್ತದೆ. ಅವನು ತೆಂಗಿನ ಕರಟವನ್ನು ಉಗುರಿನ ಆಕಾರಕ್ಕೆ ತೇದು ಇಟ್ಟುಕೊಂಡಿದ್ದ, ಅದರಲ್ಲೇ ಕೆರೆಯುತ್ತಿದ್ದ. ರೀಲು ರೀಲಿಗೂ ಒರೆಸುತ್ತಿದ್ದ.

ತಪ್ಪು ಆದದ್ದು ಎಣ್ಣೆಯಲ್ಲಿ.

ಟೆಂಟಿನ ಯಜಮಾನರು ತೋಂಟದಾರ್ಯ, ಕೊಬ್ಬರಿ ವ್ಯಾಪಾರದವರು. ಅವರ ಮನೆಯ ಹಿಂದೆಯೇ ಗಾಣ. ಆ ವರ್ಷ ಭಾದ್ರಪದದಲ್ಲಿ ಮಿಶಿನ್ನಿಗೆ ಬಿಡುವ ಎಣ್ಣೆಯ ಡಬ್ಬಿ ಖಾಲಿಯಾಯಿತು. ಸಣ್ಣತಿಮ್ಮಯ್ಯ ಹೋಗಿ ಕೇಳಿದ.

“ಅಲ್ಲಾ ಕಣೋ, ಮನೇಲಿ ಕೊಪ್ಪರಿಗೆ ತುಂಬ ಕೊಬ್ಬರಿ ಎಣ್ಣೆ ಐತೆ. ನೋಡಿದ್ರೆ ಮುಖ ಕಾಣ್ತದೆ, ಅಷ್ಟು ತಿಳಿ. ಅದುನ್ನ ಬುಟ್ಟು ಆ ಕರಿ ನೀರಿಗೆ ತುಮಕೂರಿಗೆ ಹೋಗ್ತೀಯಾ?”

“ಮಿಶಿನ್ನಿಗೆ ಮಿಶಿನ್ ಎಣ್ಣೇನೇ ಅಂತ ಕಲ್ಸವ್ರೆ ಬುದ್ಧಿ.”

“ಕಲಿಸಿದೋನು ಯಾವೂರೋನು? ಅವನೂರಲ್ಲಿ ತೆಂಗಿನ ಮರ ಇತ್ತೇನೋ?”

ಅಲ್ಲಿದ್ದವರೆಲ್ಲ ನಕ್ಕರು. ಸಣ್ಣತಿಮ್ಮಯ್ಯನೂ ನಕ್ಕು, ಒಂದು ಸೀಸೆ ಎಣ್ಣೆ ಹಿಡಿದುಕೊಂಡು ಬಂದ. ಆಶ್ವಯುಜ, ಕಾರ್ತಿಕ ಎರಡು ತಿಂಗಳೂ ಮಿಶಿನ್ನು ಸದ್ದಿಲ್ಲದೆ ಓಡಿತು. ಯಜಮಾನರು ತಮ್ಮ ಎಣ್ಣೆಯ ಗುಣವನ್ನು ಸಂತೆಯಲ್ಲೂ ಹೇಳಿಕೊಂಡು ಬಂದರು.

ಮಾರ್ಗಶಿರ ಹುಟ್ಟಿತು. ಆ ವರ್ಷ ಚಳಿ ಜೋರು. ಕೆಂಕೆರೆಯಲ್ಲಿ ಓಡಿದ ಒಂದು ಪೆಟ್ಟಿಗೆ ಬಂತು, ಹದಿನಾರು ರೀಲಿನದು. ಭೂತಮ್ಮ ಎಂದಿನಂತೆ ಬಂದ ದಿನವೇ ಎಲ್ಲವನ್ನೂ ಬೆರಳಿನಲ್ಲಿ ಹಾಯಿಸಿ ನೋಡಿದಳು. ಮೊದಲ ರೀಲಿನಲ್ಲಿ ಹನ್ನೊಂದು ಜಾಯಿಂಟು, ತೂತು ಹರಿದದ್ದು ಒಂದೂ ಇಲ್ಲ. ಹಿಡಿಯನ್ನು ಎಷ್ಟು ಸುತ್ತು ತಿರುಗಿಸಿದಾಗ ಯಾವ ಜಾಯಿಂಟು ಬಂತು ಎಂಬುದನ್ನು ಅವಳು ಬಾಯಲ್ಲೇ ಎಣಿಸಿ ನೆನಪಿಟ್ಟುಕೊಳ್ಳುತ್ತಿದ್ದಳು.

ಮೂರನೇ ದಿನ ಬೆಳಿಗ್ಗೆ ಮೊದಲ ರೀಲು ಸುತ್ತುವಾಗ ಬಟ್ಟೆ ಹಿಡಿಯಿತು. ನೋಡಿದರೆ ಒಂದು ತೂತಿನ ಅಂಚು ಬಾಯಿಬಿಟ್ಟಿದೆ. ನಾಲ್ಕು ಸುತ್ತು ಬಿಟ್ಟು ಇನ್ನೊಂದು. ಆ ರೀಲಿನಲ್ಲಿ ಒಂಬತ್ತು ಸಿಕ್ಕವು. ಎರಡನೇ ರೀಲಿನಲ್ಲಿ ಒಂದೂ ಇಲ್ಲ, ಕೊನೆಯ ರೀಲಿನವರೆಗೂ ಇಲ್ಲ.

“ಮೊದಲ್ನೇ ರೀಲು ಹರೀತೈತೆ” ಎಂದಳು ಗಂಡನಿಗೆ.

“ಹಳೇ ಪ್ರಿಂಟು ಕಣಮ್ಮಿ. ಎಲ್ಲಾ ಊರು ಸುತ್ಕೊಂಡು ಬಂದೈತೆ.”

“ಹಳೇದಾದ್ರೆ ಹದಿನಾರೂ ಹಳೇವೇ. ಒಂದೇ ಯಾಕೆ ಹರೀತದೆ?”

ಅವನು ಕರಟ ಹಿಡಿದು ಗೇಟು ಕೆರೆಯಲು ಹೋದ. ಐದನೇ ದಿನಕ್ಕೆ ಹದಿನೇಳಾಯಿತು. ಅವಳು ಇನ್ನೊಂದನ್ನು ಗಮನಿಸಿದಳು: ಹರಕೆಲ್ಲ ರೀಲಿನ ಮುಂಭಾಗದಲ್ಲೇ ದಟ್ಟ, ಹಿಂದಕ್ಕೆ ಹೋದಂತೆ ಅಪರೂಪ. ಅಂದರೆ ಆಟ ಶುರುವಾದಾಗ ಮಿಶಿನ್ನು ಕೆಟ್ಟದಾಗಿ ನಡೆದುಕೊಳ್ಳುತ್ತದೆ, ಆಮೇಲೆ ಸರಿಹೋಗುತ್ತದೆ. ಯಾಕೆ ಎಂದು ತಿಳಿಯದೆ ಎರಡು ದಿನ ಅದನ್ನೇ ತಲೆಯಲ್ಲಿ ಹೊತ್ತುಕೊಂಡು ತಿರುಗಿದಳು.

ಸೋಮವಾರ ತಲೆಗೆ ನೀರು ಹಾಕಿಕೊಳ್ಳಬೇಕು ಎಂದು ಎಣ್ಣೆ ಬಟ್ಟಲು ತೆಗೆದರೆ ಎಣ್ಣೆ ತುಪ್ಪದಂತೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ಪ್ರತಿ ವರ್ಷ ಆಗುವುದೇ. ಬಿಸಿಲಿಗೆ ಇಡಲು ಹೊರಗೆ ಹೋದವಳು ಬಟ್ಟಲನ್ನು ಕೈಯಲ್ಲೇ ಹಿಡಿದುಕೊಂಡು ನೆಟ್ಟಗೆ ಟೆಂಟಿಗೆ ನಡೆದಳು. ಮಿಶಿನ್ನಿನ ಕೆಳಗಿನ ಚಕ್ರ, ಓಡಿದ ಫಿಲ್ಮನ್ನು ಸುತ್ತಿಕೊಳ್ಳುವುದು, ಅದರ ನಡುವೆ ಒಂದು ಚರ್ಮದ ಬಿಲ್ಲೆ ಇರುತ್ತದೆ. ಆ ಬಿಲ್ಲೆ ಹಿತವಾಗಿ ಜಾರಬೇಕು, ಜಾರಿದರೆ ಚಕ್ರ ಫಿಲ್ಮನ್ನು ಮೆತ್ತಗೆ ಎಳೆಯುತ್ತದೆ. ಭೂತಮ್ಮ ಚಕ್ರವನ್ನು ತಿರುಗಿಸಲು ನೋಡಿದಳು, ಅದು ಬಿಗಿದುಕೊಂಡಿತ್ತು. ಬಿಲ್ಲೆಯ ಸುತ್ತ ಬೆಳ್ಳಗೆ ಮೇಣದ ಹಾಗೆ ಕೂತಿತ್ತು ಯಜಮಾನರ ತಿಳಿ ಎಣ್ಣೆ. ಸಂಜೆಯ ಚಳಿಯಲ್ಲಿ ಮಿಶಿನ್ನು ಶುರುವಾದಾಗ ಚಕ್ರ ಜಾರುವುದಿಲ್ಲ, ಜಗ್ಗುತ್ತದೆ. ಜಗ್ಗಿದರೆ ಹಲ್ಲಿನ ಗಾಲಿಯ ಹಲ್ಲು ತೂತಿನ ಅಂಚನ್ನು ಹರಿಯುತ್ತದೆ. ಕಾವು ಹತ್ತಿದ ಮೇಲೆ ಎಣ್ಣೆ ಕರಗಿ ಎಲ್ಲ ಸರಿ.

ಸಣ್ಣತಿಮ್ಮಯ್ಯ ಬಂದು ನೋಡಿದ. ಆ ಬೆಳ್ಳನೆಯ ಮೇಣವನ್ನು ಬೆರಳಿಗೆ ತೆಗೆದು ಉಜ್ಜಿದ. ಆಮೇಲೆ ಸೀಮೆಎಣ್ಣೆ ಹಾಕಿ ಎಲ್ಲ ತೊಳೆದ. ತೊಳೆದ ಮೇಲೆ ಇನ್ನೊಂದು ಕಂಡಿತು: ಮೂರು ತಿಂಗಳು ಎಣ್ಣೆ ಜಿಡ್ಡಿನಲ್ಲಿ ಧೂಳು ಅರೆದು ಅರೆದು, ಹಿಂದೆಯೇ ಒಮ್ಮೆ ಮಗ್ಗುಲು ಬದಲಿಸಿ ಹಾಕಿದ್ದ ಗಾಲಿಯ ಹಲ್ಲುಗಳು ಕುಡುಗೋಲಿನಂತೆ ಬಾಗಿದ್ದವು. ತೊಳೆದರೂ ಚರ್ಮ ಹೀರಿಕೊಂಡ ಎಣ್ಣೆ ಸಂಜೆಯ ಚಳಿಗೆ ಮತ್ತೆ ಬಿಗಿಯುತ್ತಿತ್ತು, ಬಾಗಿದ ಹಲ್ಲಿಗೆ ಸಿಕ್ಕಿ ಮೊದಲ ರೀಲು ಹರಿಯುವುದು ನಿಲ್ಲಲಿಲ್ಲ. ಕೊನೆಯ ದಿನದ ಹೊತ್ತಿಗೆ ಮೊದಲ ರೀಲಿನಲ್ಲಿ ಮೂವತ್ತೊಂದು ಹರಕು.

ಮರುದಿನ ಬೆಳಿಗ್ಗೆ ಪೆಟ್ಟಿಗೆ ಒಯ್ಯಲು ಸಿನಿಮಾ ಕಂಪನಿಯವರ ರೆಪ್ರೆಸೆಂಟೇಟಿವ್ ಸದಾಶಿವಯ್ಯ ಬರುವವನಿದ್ದ. ಅವನು ರೀಲು ನೋಡಿಯೇ ಒಯ್ಯುವವನು. ಪ್ರಿಂಟು ಕೆಡಿಸಿದವನ ಹೆಸರನ್ನು ವರದಿಯಲ್ಲಿ ಬರೆದು ಕಳಿಸಿದನೆಂದರೆ ಆ ಆಪರೇಟರ್ ಇರುವ ಟೆಂಟಿಗೆ ಯಾವ ಕಂಪನಿಯವರೂ ಪೆಟ್ಟಿಗೆ ಕೊಡುತ್ತಿರಲಿಲ್ಲ. ಅವನನ್ನು ಬಿಡಿಸಿ ಬೇರೊಬ್ಬನನ್ನು ಇಟ್ಟುಕೊಳ್ಳದೆ ಯಜಮಾನರಿಗೆ ದಾರಿಯೇ ಇರುತ್ತಿರಲಿಲ್ಲ.

“ಬಂದಾಗ್ಲೇ ಹಿಂಗಿತ್ತು ಅಂತೀನಿ” ಎಂದ ಸಣ್ಣತಿಮ್ಮಯ್ಯ, ಮುದ್ದೆ ಮುರಿಯುತ್ತಾ. “ನಿನ್ನ ಕೇಳಿದ್ರೆ ನೀನೂ ಅಂಗೇ ಅನ್ನು.”

“ಅಂಗಂದ್ರೆ ಕೆಂಕೆರೆ ಈರಣ್ಣನ ತಲೆಗೆ ಬತ್ತದೆ.”

“ಬಂದ್ರೆ ಬರ್ಲಿ ಬುಡು. ಅವನಿಗೆ ತ್ವಾಟ ಐತೆ ಅಂತಾರೆ. ನಮಗೇನೈತೆ? ಈ ಮಿಶಿನ್ನು ಬುಟ್ರೆ ನಂಗೆ ಇನ್ನೊಂದು ಕೆಲಸ ಬತ್ತದಾ?”

“ಕೇಳ್ದೆ ಇದ್ರೆ ನಾನಾಗಿ ಹೇಳಾಕಿಲ್ಲ” ಎಂದಳು ಭೂತಮ್ಮ.

“ಕೇಳಿದ್ರೆ?”

ಅವಳು ಅವನ ತಟ್ಟೆಗೆ ಸಾರು ಬಿಟ್ಟಳು.

ಸದಾಶಿವಯ್ಯ ಬೆಳಗಿನ ಬಸ್ಸಿಗೇ ಬಂದ. ಒಣಕಲು ಮನುಷ್ಯ, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿದ್ದ. ಮೊದಲ ರೀಲನ್ನು ಹತ್ತು ಸುತ್ತು ಬಿಚ್ಚಿದವನು ತಲೆ ಎತ್ತಿದ.

“ಏನ್ರೀ ತೋಂಟದಾರ್ಯರೇ, ಇದು ಫಿಲ್ಮೋ, ಇಲಿ ತಿಂದ ಚೀಲಾನೋ?”

ಯಜಮಾನರಿಗೆ ಎಣ್ಣೆ ಹೆಪ್ಪುಗಟ್ಟಿದ ವಿಷಯ ಗೊತ್ತಿರಲಿಲ್ಲ, ಸಣ್ಣತಿಮ್ಮಯ್ಯ ಹೇಳುವ ಧೈರ್ಯ ಮಾಡಿರಲಿಲ್ಲ. ಅವರು ದೊಡ್ಡ ದನಿಯಲ್ಲೇ ಹೇಳಿದರು: “ಬಂದಾಗ್ಲೇ ಇಂಗಿತ್ತಂತೆ ಸ್ವಾಮಿ. ನಮ್ಮ ಮಿಶಿನ್ನು ಬೆಣ್ಣೆ ಬೆಣ್ಣೆ.”

“ಹಾಗಾದರೆ ಇದು ಕೆಂಕೆರೆಯವನದೇ ಕೆಲಸ. ಈರಣ್ಣ ಒಳ್ಳೆ ಕೈ ಅಂದುಕೊಂಡಿದ್ದೆ.” ಸದಾಶಿವಯ್ಯ ಜೇಬಿನಿಂದ ಪೆನ್ನು ತೆಗೆದ. ಬರೆಯುವ ಮೊದಲು ಯಾಕೋ ಬಾಗಿಲ ಕಡೆ ತಿರುಗಿದ. “ರೀಲು ಸುತ್ತೋದು ನೀನೇ ಅಲ್ಲವೇನಮ್ಮಾ? ಬಂದಾಗ ಹೀಗೇ ಇತ್ತೇನು?”

ಸಣ್ಣತಿಮ್ಮಯ್ಯ ಹೆಂಡತಿಯ ಮುಖ ನೋಡಲಿಲ್ಲ, ನೆಲ ನೋಡುತ್ತಿದ್ದ. ಇಲ್ಲ ಎಂದರೆ ಗಂಡನ ಕೆಲಸ, ಹೌದು ಎಂದರೆ ಕಾಣದ ಒಬ್ಬನ ಕೆಲಸ. ಆ ನುಣ್ಣನೆಯ ಜಾಯಿಂಟುಗಳು ಅವಳ ಬೆರಳಿನಲ್ಲಿ ಇನ್ನೂ ಇದ್ದವು.

“ಬಂದಾಗ ಹನ್ನೊಂದು ಜಾಯಿಂಟಿದ್ವು ಸ್ವಾಮಿ” ಎಂದಳು. “ತೂತು ಹರಿದಿದ್ದು ಒಂದೂ ಇರ್ಲಿಲ್ಲ. ಮೂವತ್ತೊಂದೂ ಇಲ್ಲೇ ಆದದ್ದು.”

“ಏನಮ್ಮಿ ನೀನು!” ಎಂದರು ತೋಂಟದಾರ್ಯ. “ಸೊಲ್ಪ ನೋಡ್ಕಂಡು ಮಾತಾಡು!”

“ನೋಡ್ಕಂಡೇ ಹೇಳಿದ್ದು ಬುದ್ಧಿ. ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪಾಗಿ ಚಕ್ರ ಜಗ್ಗೈತೆ. ಹಲ್ಲೂ ಬಾಗ್ಯವೆ. ನಮ್ಮನೆಯೋರು ಮೊದ್ಲೇ ಬ್ಯಾಡ ಅಂದಿದ್ರು.”

“ನಮ್ಮ ಎಣ್ಣೆನಾ?” ಎಂದರು ಯಜಮಾನರು, ಮಗಳ ಮೇಲೆ ದೂರು ಬಂದವರ ಹಾಗೆ.

ಸದಾಶಿವಯ್ಯ ಮಿಶಿನ್ನಿನ ಬಾಗಿಲು ತೆಗೆದು, ಹಲ್ಲಿನ ಮೇಲೆ ಉಗುರು ಎಳೆದು ನೋಡಿದ. ಒಂದು ಕಡೆಯಿಂದ ಎಳೆದರೆ ಉಗುರು ಜಾರುತ್ತಿತ್ತು, ಇನ್ನೊಂದು ಕಡೆಯಿಂದ ಸಿಕ್ಕಿಕೊಳ್ಳುತ್ತಿತ್ತು. ಕೂತು ವರದಿಯನ್ನು ಬರೆದ. ಸಣ್ಣತಿಮ್ಮಯ್ಯನ ಹೆಸರನ್ನೇ ಬರೆದ. ಆದರೆ ಮಡಿಸಿ ಜೇಬಿಗಿಟ್ಟುಕೊಂಡ, ಲಕೋಟೆಗೆ ಹಾಕಲಿಲ್ಲ.

“ಇದನ್ನ ಶಿವರಾತ್ರಿ ತನಕ ಕಳಿಸೋದಿಲ್ಲ. ಅಷ್ಟರಲ್ಲಿ ಬೇರೆ ಮಿಶಿನ್ನು ತನ್ನಿ. ಒಂದು ಪೆಟ್ಟಿಗೆ ಕೊಡ್ತೀನಿ, ಎಂಟು ದಿನ ಓಡಿಸಿ. ಆ ಪ್ರಿಂಟು ಚೆನ್ನಾಗಿದ್ದರೆ ಹರಿದು ಹಾಕ್ತೀನಿ. ಇಲ್ಲದಿದ್ದರೆ ಇವನನ್ನ ಯಾರೂ ಮಿಶಿನ್ನು ಮುಟ್ಟಿಸೋದಿಲ್ಲ. ಮಿಶಿನ್ನು ನೋಡೋಕೆ ಹೋಗೋವಾಗ ಈಯಮ್ಮನ್ನ ಕರಕೊಂಡು ಹೋಗಿ.”

ಅಂದಿನಿಂದ ಸಣ್ಣತಿಮ್ಮಯ್ಯ ಹೆಂಡತಿಯ ಜೊತೆ ಬೇಕಾದಷ್ಟೇ ಮಾತಾಡಿದ. ನೀರು ಕೊಡು, ದೀಪ ಹಚ್ಚು, ಅಷ್ಟೇ. ಅವಳೂ ಕೆದಕಲಿಲ್ಲ.

ಪುಷ್ಯದಲ್ಲಿ ಯಜಮಾನರು, ಗಂಡ, ಹೆಂಡತಿ ಮೂವರೂ ತಿಪಟೂರಿಗೆ ಹೋದರು. ಅಲ್ಲಿ ಹಳೆಯ ಸಾಮಾನಿನ ವ್ಯಾಪಾರಿ ಹುಚ್ಚರಂಗಯ್ಯನ ಗೋದಾಮಿನಲ್ಲಿ ಎರಡು ಮಿಶಿನ್ನುಗಳಿದ್ದವು. ಒಂದು ಎತ್ತರ, ಹಸಿರು ಬಣ್ಣ ಹೊಸದಾಗಿ ಬಳಿದು, ಬೆಳ್ಳಿಯಂಥ ಹಿಡಿಗಳು ಹೊಳೆಯುತ್ತಿದ್ದವು. ಇನ್ನೊಂದು ಕುಳ್ಳ, ಕಪ್ಪು, ಬಣ್ಣ ಅಲ್ಲಲ್ಲಿ ಎದ್ದಿತ್ತು. ತೋಂಟದಾರ್ಯರು ಹಸಿರಿನ ಹತ್ತಿರ ಹೋಗಿ ಅದರ ಬೆನ್ನು ಸವರಿದರು, ಹೋರಿ ನೋಡುವ ಹಾಗೆ. ಭೂತಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಎರಡರ ಬಾಗಿಲನ್ನೂ ತೆಗೆಸಿದಳು.

ಹುಚ್ಚರಂಗಯ್ಯನಿಗೆ ತಮಾಷೆ ಎನಿಸಿತು. “ಏನ್ ಸಾವ್ಕಾರ್ರೇ, ಹೆಣ್ಣು ನೋಡೋಕೆ ಹೆಂಗಸರನ್ನ ಕರಕೊಂಡು ಬಂದಂಗೆ ಬಂದಿದೀರಲ್ಲ!”

“ಹೆಣ್ಣಲ್ಲ ಕಣಣ್ಣ, ಗಂಡು ನೋಡಾಕೆ ಬಂದೀವಿ” ಎಂದಳು ಭೂತಮ್ಮ, ಗೇಟಿನೊಳಗೆ ಬೆರಳಾಡಿಸುತ್ತಾ. “ಹೆಣ್ಣು ಫಿಲ್ಮು. ಅದೂ ನಮ್ಮನೇದಲ್ಲ, ಇನ್ನೊಬ್ರ ಮನೇದು. ಹೆಂಗೆ ಬಂತೋ ಅಂಗೇ ವಾಪಸ್ ಕಳಿಸ್ಬೇಕು. ಬಣ್ಣ ನೋಡಿ ಕೊಡಾಕಾಯ್ತದಾ?”

ಹುಚ್ಚರಂಗಯ್ಯ ನಕ್ಕ. ತೋಂಟದಾರ್ಯರೂ ಬೆನ್ನು ಸವರುವುದನ್ನು ಬಿಟ್ಟರು.

ಬೆರಳಿಗೆ ಹಸಿರಿನದು ಕೆಟ್ಟದ್ದೇನೂ ಅನ್ನಿಸಲಿಲ್ಲ. ಹಲ್ಲು ನೆಟ್ಟಗಿದ್ದವು. ಕರಿಯದರ ಹಲ್ಲು ಒಂದು ಕಡೆ ಸ್ವಲ್ಪ ಸವೆದಿತ್ತು. ಭೂತಮ್ಮನಿಗೆ ಗೊಂದಲವಾಯಿತು. ಇಲ್ಲಿ ತಪ್ಪಿದರೆ ಮತ್ತೆ ಸರಿಮಾಡಲು ಶಿವರಾತ್ರಿಯವರೆಗೆ ದಿನ ಉಳಿಯುವುದಿಲ್ಲ. ಅವಳು ಗಂಡನ ಕಡೆ ನೋಡಿದಳು. ಆಗ ಸಣ್ಣತಿಮ್ಮಯ್ಯ ಮುಂದೆ ಬಂದ. ಚೀಲದಿಂದ ಒಂದು ಮಾರು ರದ್ದಿ ಫಿಲ್ಮು ತೆಗೆದು, ಎರಡು ತುದಿಯನ್ನೂ ಜೋಡಿಸಿ ಬಳೆಯ ಹಾಗೆ ಮಾಡಿ, ಹಸಿರು ಮಿಶಿನ್ನಿಗೆ ತೊಡಿಸಿದ.

“ಇನ್ನೂರು ಸುತ್ತು ಓಡಿಸ್ತೀನಿ” ಎಂದ ಹುಚ್ಚರಂಗಯ್ಯನಿಗೆ. “ಎಂಟು ದಿನದಲ್ಲಿ ಆಗೋದು ಇಲ್ಲೇ ಕಾಣ್ತದೆ.”

ಅದೇ ಫಿಲ್ಮು ಸುತ್ತಿ ಸುತ್ತಿ ಬರತೊಡಗಿತು. ಭೂತಮ್ಮ ಎಣಿಸಿದಳು. ಇನ್ನೂರಾದ ಮೇಲೆ ಅವನು ಬಿಚ್ಚಿ ಅವಳ ಕೈಗೆ ಕೊಟ್ಟ. ತೂತುಗಳು ನೆಟ್ಟಗಿದ್ದವು. ಕಿಟಕಿಯ ಬೆಳಕಿಗೆ ಹಿಡಿದರೆ ನಡುವೆ ಕೂದಲೆಳೆಯಷ್ಟು ಸಣ್ಣ ಗೆರೆ, ಈ ತುದಿಯಿಂದ ಆ ತುದಿಗೆ. ಗೇಟಿನಲ್ಲಿ ಎಲ್ಲೋ ಬೆರಳಿಗೆ ಸಿಗದ ಒಂದು ಗೀರು ಕೂತಿತ್ತು. ಕರಿಯದರಲ್ಲಿ ಇನ್ನೊಂದು ತುಂಡು ಓಡಿಸಿದರು. ಗೆರೆಯಿಲ್ಲ. ತೂತಿನ ಅಂಚು ಒಂದಿಷ್ಟು ಒರಟಾಗಿತ್ತು.

“ಗಾಲೀನ ತಿರುಗಿಸಿ ಹಾಕಿದ್ರೆ ಸವೀದೆ ಇರೋ ಕಡೆ ಬತ್ತದೆ” ಎಂದ ಸಣ್ಣತಿಮ್ಮಯ್ಯ. ತಾನೇ ಗಾಲಿ ಬಿಚ್ಚಿ, ಮಗ್ಗುಲು ಬದಲಿಸಿ ಕೂರಿಸಿ ಮತ್ತೆ ಇನ್ನೂರು ಸುತ್ತು ಓಡಿಸಿದ. ಭೂತಮ್ಮ ಬಟ್ಟೆಯಲ್ಲಿ ಹಿಡಿದು ನೋಡಿದಳು. ನುಣ್ಣಗಿತ್ತು.

“ಕರೀದು” ಎಂದಳು.

“ಊರೋರು ನಗ್ತಾರೆ ಕಣಮ್ಮಿ” ಎಂದರು ತೋಂಟದಾರ್ಯ, ಹಸಿರಿನ ಕಡೆ ಆಸೆಯಿಂದ ನೋಡುತ್ತಾ.

“ಊರೋರು ಪರದೆ ನೋಡ್ತಾರೆ ಬುದ್ಧಿ. ಮಿಶಿನ್ನು ನೋಡೋರು ನಾವು ಇಬ್ರೇಯ.”

ಮಾಘದ ಹುಣ್ಣಿಮೆ ಕಳೆಯುತ್ತಲೇ ಸದಾಶಿವಯ್ಯ ಮಾತಿನಂತೆ ಹದಿನಾರು ರೀಲಿನ ಒಂದು ಪೆಟ್ಟಿಗೆ ಕೊಟ್ಟ. ಎಂಟು ದಿನವೂ ಭೂತಮ್ಮನಿಗೆ ಊಟ ಸೇರಲಿಲ್ಲ. ದಿನವೂ ಬೆಳಿಗ್ಗೆ ರೀಲು ಸುತ್ತುವಾಗ ಸಣ್ಣತಿಮ್ಮಯ್ಯ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದ. ಅವಳ ಕೈ ನಿಲ್ಲುತ್ತದೋ ಎಂದು ನೋಡಿ, ನಿಲ್ಲದಿದ್ದರೆ ಮಾತಿಲ್ಲದೆ ಹೋಗುತ್ತಿದ್ದ. ನಾಲ್ಕನೇ ದಿನ ಮಾತ್ರ ಅವನು ಬರಲಿಲ್ಲ. ಆ ದಿನ ಐದನೇ ರೀಲಿನಲ್ಲಿ ಬಟ್ಟೆ ಹಿಡಿಯಿತು. ಒಂದು ತೂತು, ಉದ್ದಕ್ಕೆ ಸೀಳಿತ್ತು. ಅವಳು ಯಾರಿಗೂ ಹೇಳಲಿಲ್ಲ.

ಒಂಬತ್ತನೇ ಬೆಳಿಗ್ಗೆ ಸದಾಶಿವಯ್ಯ ಬಂದು ಅವಳೆದುರು ಮಣೆಯ ಮೇಲೆ ಕೂತ. ತೋಂಟದಾರ್ಯರು ಶಲ್ಯ ಹೊದ್ದು ನಿಂತಿದ್ದರು.

“ನೀನೇ ಸುತ್ತು” ಎಂದ ಸದಾಶಿವಯ್ಯ. “ನಾನು ನೋಡ್ತಾ ಇರ್ತೀನಿ.”

ಮೊದಲ ರೀಲು ಹೋಯಿತು. ಎರಡು, ಮೂರು, ನಾಲ್ಕು. ಎಲ್ಲೂ ನಿಲ್ಲಲಿಲ್ಲ. ಐದನೆಯದನ್ನು ಏರಿಸಿದಳು. ಹಿಡಿಯನ್ನು ನಿಧಾನವಾಗಿ ತಿರುಗಿಸುತ್ತಾ ಆ ಜಾಗಕ್ಕೆ ಬಂದಳು. ಬಟ್ಟೆ ಹಿಡಿಯಿತು. ಬಾಯಿ ತೆರೆದಳು, ಅಷ್ಟರಲ್ಲಿ ಬಾಗಿಲ ಕಡೆಯಿಂದ ಮಾತು ಬಂತು.

“ಅದು ನಾನು ಮಾಡಿದ್ದು ಸ್ವಾಮಿ.”

ಸಣ್ಣತಿಮ್ಮಯ್ಯ ಒಳಗೆ ಬಂದ. “ಮೂರನೇ ದಿನ ಮಿಶಿನ್ನಿಗೆ ತೊಡಿಸೋವಾಗ ಮೇಲ್ಗಡೆ ಸಡಿಲ ಕಮ್ಮಿ ಬುಟ್ಟೆ. ಜಗ್ತು. ತಕ್ಷಣ ನಿಲ್ಲಿಸ್ದೆ, ಅಷ್ಟೊತ್ತಿಗೆ ಒಂದು ಹೋಗಿತ್ತು. ಮಿಶಿನ್ನಿನ ತಪ್ಪಲ್ಲ, ಇವಳಿಗೂ ನಾನು ಹೇಳಿರ್ಲಿಲ್ಲ.”

ಸದಾಶಿವಯ್ಯ ಕನ್ನಡಕ ತೆಗೆದು ಒರೆಸಿದ. ಆ ತೂತನ್ನು ಬೆಳಕಿಗೆ ಹಿಡಿದು ನೋಡಿದ. ಮಿಕ್ಕ ಹನ್ನೊಂದು ರೀಲನ್ನೂ ಸುತ್ತಿಸಿದ, ಒಂದನ್ನೂ ಬಿಡಲಿಲ್ಲ. ಎಲ್ಲೂ ಏನೂ ಸಿಗಲಿಲ್ಲ. ಬಿಸಿಲು ತಗಡಿನ ಮೇಲೆ ಏರುವ ಹೊತ್ತಿಗೆ ಎದ್ದು, ಜೇಬಿನಿಂದ ಮಡಿಸಿದ ವರದಿಯನ್ನು ತೆಗೆದು, ನಾಲ್ಕು ಚೂರು ಮಾಡಿ ತೋಂಟದಾರ್ಯರ ಕೈಗೆ ಕೊಟ್ಟ.

“ಒಂದು ಕೈತಪ್ಪು ಎಲ್ಲರಿಂದಲೂ ಆಗುತ್ತೆ. ಮುಂದಿನ ಪೆಟ್ಟಿಗೆ ಸೋಮವಾರ ಬರುತ್ತೆ” ಎಂದ. “ಆ ತೂತು ಮಾತ್ರ ಸರಿಮಾಡಿ ಕೊಡಿ. ನಾನು ಹತ್ತು ಗಂಟೆ ಬಸ್ಸಿಗೆ ಹೋಗಬೇಕು.”

ತೋಂಟದಾರ್ಯರು ಅವನನ್ನು ಕಾಫಿಗೆ ಕರೆದುಕೊಂಡು ಹೊರಟರು. ಸಣ್ಣತಿಮ್ಮಯ್ಯ ಹೆಂಡತಿಯ ಪಕ್ಕದಲ್ಲಿ ನೆಲದ ಮೇಲೆ ಕೂತ. ಎರಡು ತಿಂಗಳಾಗಿತ್ತು ಅವನು ಹಾಗೆ ಕೂತು.

“ಗೊತ್ತಿತ್ತಾ ನಿಂಗೆ?”

“ನಾಲ್ಕನೇ ದಿನಾನೇ.”

“ಕೇಳಿದ್ರೆ ಹೇಳ್ತಿದ್ದೇನಮ್ಮಿ?”

“ಬಾಯಿ ತೆಗ್ದಿದ್ದೆ. ನೀವೇ ಮುಂದಾದ್ರಿ.”

ಅವನು ಸ್ವಲ್ಪ ಹೊತ್ತು ನಕ್ಕ, ದನಿಯಿಲ್ಲದೆ. ಆಮೇಲೆ ಫಿಲ್ಮಿನ ಸೀಳಿದ ಕಡೆಯನ್ನು ಮೊಳಕಾಲ ಮೇಲೆ ಹರಡಿಕೊಂಡು ಕೈ ನೀಡಿದ.

“ಬ್ಲೇಡು, ಸಿಮೆಂಟು ಕೊಡಿಲ್ಲಿ. ಹೆಂಗೆ ಹಾಕಿದ್ರೆ ಆ ಕೆಂಕೆರೆಯೋನ್ದು ಅಷ್ಟು ನುಣ್ಣಗಾಯ್ತದೆ ಅಂತೀಯ? ನೀನು ಹಿಡ್ಕ, ನಾನು ಕೆರೀತೀನಿ.”

ಭೂತಮ್ಮ ಬಟ್ಟೆ ತುಂಡನ್ನು ಮಡಿಸಿ ಅಂಚು ಹಿಡಿದಳು.